ಹೆಚ್ಚುವರಿ ತಟ್ಟೆ

ಪೋಜ್ನಾನಿನ ಹಳೇ ಮಾರುಕಟ್ಟೆ ಹಿಂದಿನ ನಮ್ಮ ಟಾಕೀಸಿಗೆ
ನೂರ ನಲವತ್ತು ಕುರ್ಚಿ, ಹನ್ನೊಂದು ಮುರಿದವು.
ಟಿಕೆಟ್ ಹರಿಯುವವಳು ನಾನು, ಯಾದ್ವಿಗಾ.
ಡಿಸೆಂಬರಿನಲ್ಲಿ ಮಾತ್ರ
ಹೀಟರಿನ ಪಕ್ಕ ಕೂರುವ ಹಕ್ಕಿದೆ ನನಗೆ.

ಹಬ್ಬಕ್ಕೆ ಎಂಟು ದಿನವಿದೆ ಅನ್ನುವಾಗ ಆ ಥರದ ಸಿನಿಮಾ ಬರುತ್ತದೆ.
ಪೋಸ್ಟರಿನಲ್ಲಿ ಹದಿನಾರು ಮುಖ,
ಒಂದಕ್ಕೂ ಸರಿಯಾಗಿ ಜಾಗ ಸಾಲದೆ
ಕೊನೇ ಟ್ರ್ಯಾಮಿಗೆ ತುರುಕಿಕೊಂಡವರ ಹಾಗೆ
ಭುಜಕ್ಕೆ ಭುಜ ಒತ್ತಿ ನಗುತ್ತವೆ.

ಕಥೆ ಗೊತ್ತಿರುವುದೇ.
ಬೇಕರಿಯವಳಿಗೆ ದನದ ಡಾಕ್ಟರು,
ವಿಚ್ಛೇದನದ ವಕೀಲನಿಗೆ ಅವನೇ ಬಿಡಿಸಿಕೊಟ್ಟ ಹೆಂಗಸು,
ಲಿಫ್ಟಿನಲ್ಲಿ ಸಿಕ್ಕಿಬಿದ್ದ ಇಬ್ಬರಿಗೆ ಅವರವರೇ.
ಕಂತೆಗೆ ತಕ್ಕ ಬೊಂತೆ.
ಎಪ್ಪತ್ತನೇ ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಮುನಿಸಿಕೊಳ್ಳುತ್ತಾರೆ,
ತೊಂಬತ್ತಕ್ಕೆ ಹಿಮ ಬೀಳುತ್ತದೆ.
ಅದು ಹಿಮವಲ್ಲ, ಸೋಪಿನ ನೊರೆಯಂತೆ.
ಹೊರಗೆ ನಮ್ಮ ಬೀದಿಯಲ್ಲಿ ಬೂದು ಕೆಸರು,
ಬೂಟಿನೊಳಗೂ ಅದೇ.

ತಮ್ಮನ ಮಗಳು ಒತೀಲ್ಯಾ ತತ್ವಶಾಸ್ತ್ರ ಓದುತ್ತಾಳೆ.
"ಅತ್ತೆ, ಇದೆಲ್ಲ ಶುದ್ಧ ಸುಳ್ಳು" ಅನ್ನುತ್ತಾಳೆ.
ಸುಳ್ಳೇ ಮಗೂ,
ಇವರಲ್ಲಿ ಯಾರೂ ಬಾಡಿಗೆ ಕಟ್ಟಿದ್ದನ್ನು ನಾನು ನೋಡಿಲ್ಲ.
ಆದರೆ
ಒಂದೇ ಪ್ರೀತಿಯ ಮೇಲೆ ಇಡೀ ಮಾಳಿಗೆ ನಿಲ್ಲಿಸಿದ ಚಿತ್ರಗಳಿವೆಯಲ್ಲ,
ಅವಕ್ಕೆ ನನಗೆ ಭಯ.
ಅಂಥ ಮನೆಯಲ್ಲಿ ಆರು ವರ್ಷ ಇದ್ದು ಬಂದವಳು ನಾನು.
ಇಲ್ಲಿ ಎಂಟು ಕಂಬ.
ಒಂದು ಅಲ್ಲಾಡಿದರೆ
ಪಕ್ಕದ್ದಕ್ಕೆ ಒರಗಿ ಚಹಾ ಕುಡಿಯಬಹುದು.
ಮತ್ತೆ ಇನ್ನೊಂದು, ಗಡಿಯಾರ ಹಿಡಿದು ನೋಡಿದ್ದೇನೆ:
ನಾಲ್ಕು ನಿಮಿಷಕ್ಕಿಂತ ಹೆಚ್ಚು
ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ.

ಏಳನೇ ಸಾಲು, ಹದಿನಾಲ್ಕನೇ ಕುರ್ಚಿ: ಝೆನೋನ್,
ಟ್ರ್ಯಾಮ್ ಓಡಿಸುವವನು.
ವರ್ಷಕ್ಕೊಮ್ಮೆ ಬರುತ್ತಾನೆ, ಇಪ್ಪತ್ತೆರಡನೇ ನಿಮಿಷಕ್ಕೆ ನಿದ್ದೆ.
ದೀಪ ಹತ್ತಿದ ಮೇಲೆ ಟೋಪಿ ಹುಡುಕುತ್ತ
ಅದೇ ಪ್ರಶ್ನೆ:
"ಆ ಮುದುಕ ಕಾಗದ ಹಾಕಿದನಾ?"
(ಯಾವ ವರ್ಷದ ಚಿತ್ರವಾಗಲಿ
ಒಬ್ಬ ಮುದುಕ, ಒಂದು ಕಾಗದ ಇದ್ದೇ ಇರುತ್ತವೆ.)
ಒಂದು ವರ್ಷ, ಹಾಕಿದ ಅಂದೆ.
ಒಂದು ವರ್ಷ, ಹರಿದ.
ಮೊಣಕಾಲು ನೋಯುತ್ತಿದ್ದ ವರ್ಷ,
ಹಾಕಿದ, ಆದರೆ ಸ್ಟಾಂಪು ಹಚ್ಚಲಿಲ್ಲ ಅಂದೆ.
ಪಾಪ, ಹೊಸಿಲಿನಲ್ಲಿ ಎಷ್ಟು ಹೊತ್ತು ನಿಂತಿದ್ದ.

ಈ ಸಲ ಬಂದವನು ದೂರದಲ್ಲೇ ನಿಂತ.
"ಕ್ಷಮಿಸಿ, ನಾಲ್ಕು ದಿನದಿಂದ ಸ್ನಾನವಿಲ್ಲ.
ತೊಟ್ಟಿಯಲ್ಲಿ ಹಬ್ಬದ ಮೀನಿದೆ.
ಕೊಲ್ಲಲು ಕೈ ಬರುತ್ತಿಲ್ಲ.
ಹೆಸರು ಬೇರೆ ಇಟ್ಟುಬಿಟ್ಟೆ."
ಏನು ಹೆಸರು ಅಂದೆ.
ಹರಿದ ಟಿಕೆಟ್ಟಿನ ತುಂಡು ತಿರುಗಿಸಿ ತಿರುಗಿಸಿ ನೋಡಿದ.
ಕಿವಿ ಕೆಂಪಾದವು.
ಹೇಳಲಿಲ್ಲ.

ಆ ದಿನ ನಿದ್ದೆ ಮಾಡಲಿಲ್ಲ ಅವನು.
ಬಾಗಿಲ ಪರದೆಯ ಸಂದಿಯಿಂದ ನೋಡಿದೆ,
ಪರದೆಯ ಬೆಳಕು ಅವನ ಕನ್ನಡಕದಲ್ಲಿ,
ಎರಡು ಪುಟ್ಟ ಹಬ್ಬ.
ಆದರೂ ಹೊರಡುವಾಗ ಕೇಳಿದ:
"ಆ ಮುದುಕ ಕಾಗದ ಹಾಕಿದನಾ?"

ಸಿನಿಮಾ ಆಗಿದ್ದರೆ ಇಷ್ಟು ಹೊತ್ತಿಗೆ ಪಿಟೀಲು.
ಬೇಕರಿಯವಳು, ವಕೀಲ, ಲಿಫ್ಟಿನವರು
ಎಲ್ಲರೂ ಓಡಿಬಂದು ಚಪ್ಪಾಳೆ ತಟ್ಟಬೇಕಿತ್ತು.
ಹತ್ತು ನಲವತ್ತರ ಟ್ರ್ಯಾಮು ಗಂಟೆ ಬಾರಿಸಿತು.
ನನಗೆ ಒಂಬತ್ತು ಸಾಲು ಪಾಪ್‌ಕಾರ್ನ್ ಗುಡಿಸುವುದಿತ್ತು.
"ನಾಳಿದ್ದು ಹೇಳುತ್ತೇನೆ" ಅಂದೆ,
ನಾಳಿದ್ದು ರಜೆ ಅನ್ನುವುದು ನೆನಪಾಗದೆ.
ನೆನಪಾಗಿಯೇ ಅಂದೆನೋ.

ನಮ್ಮಲ್ಲಿ ಹಬ್ಬದ ರಾತ್ರಿ
ಮೇಜಿನ ಬಟ್ಟೆಯಡಿ ಒಣಹುಲ್ಲು ಹರಡಿ
ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ,
ಹೇಳದೆ ಬರುವವರಿಗೆ.
ಹದಿನೇಳು ವರ್ಷದಿಂದ ಇಡುತ್ತಿದ್ದೇನೆ.
ಯಾರೂ ಮುಟ್ಟದ ತಟ್ಟೆಯನ್ನೂ
ಮರುದಿನ ತೊಳೆದೇ ಒಳಗಿಡುತ್ತೇನೆ.

ಮೊದಲ ನಕ್ಷತ್ರಕ್ಕೆಂದು ಕಿಟಕಿಗೆ ಬಂದರೆ ಬರೀ ಮೋಡ.
ಅದರ ಕೆಳಗೆ ತಂತಿ, ತಂತಿಯ ಮೇಲೊಂದು ನೀಲಿ ಕಿಡಿ.
ಬೀಟ್‌ರೂಟ್ ಸಾರು ಬಿಸಿಯಿದೆ, ಅಣಬೆ ಇದೆ,
ಗಸಗಸೆ ಹಾಕಿದ ಸಿಹಿ ಇದೆ.
ಹನ್ನೆರಡು ಬಗೆ ಆಗಬೇಕು,
ಎಣಿಸಿದರೆ ಹನ್ನೊಂದೇ.

ಮೀನು ಮಾಡಲಿಲ್ಲ ನಾನು.